ಒಂದೇ ನಾಡು, ಎರಡು ಡಾಕ್ಟರೇಟು
ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಬಾಳು

ಹೆಸರಿನ ಮುಂದೆ 'ಡಾ.' ಎಂಬ ಅಕ್ಷರ ಕಂಡರೆ ನಮ್ಮ ಊರುಗಳಲ್ಲಿ ಮೊದಲು ಕೇಳುವ ಪ್ರಶ್ನೆ, ಇವರು ಯಾವ ಆಸ್ಪತ್ರೆಯವರು ಎಂದು. ಮದ್ದು ಕೊಡದ ಡಾಕ್ಟರರೂ ಇದ್ದಾರೆ, ಅವರು ಒಂದು ವಿಷಯವನ್ನು ವರ್ಷಗಟ್ಟಲೆ ಅಗೆದು ನೋಡಿ ಮಹಾಪ್ರಬಂಧ ಬರೆದವರು ಎಂದು ತಿಳಿಸಿದರೆ, ಎರಡನೆಯ ಪ್ರಶ್ನೆ ಬರುತ್ತದೆ: ಅಷ್ಟು ವರ್ಷ ಅಗೆಯಲು ಅದರಲ್ಲಿ ಏನಿದೆ? ವಿಜ್ಞಾನದ ಸಂಶೋಧನೆಯಾದರೆ ಜನ ಒಪ್ಪುತ್ತಾರೆ. ಮದುವೆ, ಜಾತಿ, ಜಾತ್ರೆ, ಜಮೀನು, ಊರ ಜಗಳ ಇವುಗಳ ಮೇಲೂ ಡಾಕ್ಟರೇಟು ಉಂಟೆಂದರೆ ನಗುತ್ತಾರೆ. ಇದನ್ನೆಲ್ಲ ನಮ್ಮ ಅಜ್ಜಿಯೇ ಹೇಳಬಲ್ಲಳಲ್ಲ ಎನ್ನುತ್ತಾರೆ.

ಅಜ್ಜಿ ಹೇಳಬಲ್ಲಳು ಎಂಬುದು ನಿಜ. ಅಜ್ಜಿ ಹೇಳಿದ್ದನ್ನು ಕೇಳಿ, ಬರೆದು, ಅದರ ಬೆನ್ನಿಗೆ ಒಂದು ಪ್ರಶ್ನೆ ಹಾಕಿ, ಲೋಕದ ವಿದ್ವಾಂಸರೆಲ್ಲ ಕಿವಿಗೊಡುವಂತೆ ಮಾಡಿದ ಕನ್ನಡ ನಾಡಿನ ಮನುಷ್ಯರೊಬ್ಬರಿದ್ದರು. ಅವರೇ ಮೈಸೂರು ನರಸಿಂಹಾಚಾರ್ ಶ್ರೀನಿವಾಸ್. ಅವರು ತೀರಿಕೊಂಡದ್ದು 1999ರಲ್ಲಿ. ಒಂದೇ ನಾಡಿನ ಮೇಲೆ, ಹೆಚ್ಚುಕಡಮೆ ಒಂದೇ ಸಾಮಗ್ರಿಯಿಂದ, ಎರಡು ಖಂಡಗಳಲ್ಲಿ ಎರಡು ಡಾಕ್ಟರೇಟು ಪಡೆದವರು ಅವರು. ಗಡಿಯಾಚೆ ಉಳಿದ ನಮ್ಮಂಥ ಕನ್ನಡ ಮನೆಗಳಿಗೆ ಅವರ ಬಾಳಿನಲ್ಲಿ ಒಂದು ಪಾಠವಿದೆ. ನಮ್ಮಂಥ ಎಂದಾಗ ಕಾಸರಗೋಡು ಮಾತ್ರ ಎಣಿಸಬೇಕಾಗಿಲ್ಲ. ಆಂಧ್ರಪ್ರದೇಶದ ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಲ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತ ಬಾಳುವ ಕುಟುಂಬಗಳೂ ಈ ಲೆಕ್ಕಕ್ಕೆ ಸೇರಿದವರೇ. ಅವರ ಮಾತಿಗೆ ಮುಂದೆ ಬರೋಣ.

ಪದವಿಯ ಹುಟ್ಟು

ಸಂಶೋಧನೆಗೆ ಕೊಡುವ ಡಾಕ್ಟರೇಟು ಬಹಳ ಹಳೆಯ ಪದವಿಯಲ್ಲ. 1810ರಲ್ಲಿ ಸ್ಥಾಪನೆಯಾದ ಬರ್ಲಿನ್ ವಿಶ್ವವಿದ್ಯಾನಿಲಯವೂ ಅದರ ಜೊತೆಯ ಜರ್ಮನ್ ವಿದ್ಯಾಪೀಠಗಳೂ ಇದಕ್ಕೆ ಇಂದಿನ ರೂಪ ಕೊಟ್ಟವು. ಗುರುಗಳು ಹೇಳಿದ್ದನ್ನು ಒಪ್ಪಿಸಿದರೆ ಸಾಲದು, ಹೊಸದೊಂದನ್ನು ಕಂಡು ಹೇಳಬೇಕು ಎಂಬುದು ಅಲ್ಲಿನ ಕಟ್ಟಳೆ. ಅಮೆರಿಕದವರು ಅದನ್ನು ಕಲಿತು ಹೋಗಿ 1861ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ತಮ್ಮ ದೇಶದ ಮೊದಲ ಪಿಎಚ್.ಡಿ.ಗಳನ್ನು ಕೊಟ್ಟರು. ಹಳೆಯ ಮಡಿವಂತಿಕೆಯ ಆಕ್ಸ್‌ಫರ್ಡ್ ಈ ಪದವಿಯನ್ನು ಒಪ್ಪಿಕೊಂಡದ್ದು 1917ರಲ್ಲಿ. ಅದಕ್ಕೆ ಡಿ.ಫಿಲ್. ಎಂದು ಬೇರೆ ಹೆಸರಿಟ್ಟಿತು. ಪದ್ಧತಿಗಳು ಕೂಡ ಒಂದೊಂದು ದೇಶಕ್ಕೆ ಒಂದೊಂದು. ಅಮೆರಿಕದಲ್ಲಿ ಮೊದಲು ಕೆಲವು ವರ್ಷ ತರಗತಿ, ಪರೀಕ್ಷೆ, ಆಮೇಲೆ ಪ್ರಬಂಧ. ಇಂಗ್ಲೆಂಡಿನ ಹಳೆಯ ಕ್ರಮದಲ್ಲಿ ಪ್ರಬಂಧವೇ ಮುಖ್ಯ, ಕೊನೆಗೆ ಪರೀಕ್ಷಕರ ಮುಂದೆ ಕುಳಿತು ಉತ್ತರಿಸಬೇಕು. ಜರ್ಮನಿಯಲ್ಲಿ ಪ್ರಬಂಧ ಅಚ್ಚಾಗಿ ಹೊರಬಂದ ಮೇಲೆಯೇ ಪದವಿ ಪೂರ್ಣ.

ಸಮಾಜವಿಜ್ಞಾನಗಳು ಈ ಪಂಕ್ತಿಗೆ ತಡವಾಗಿ ಬಂದವು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ವಿಭಾಗ ತೆರೆದದ್ದು 1919ರಲ್ಲಿ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಅದರ ಮೊದಲ ಮುಖ್ಯಸ್ಥರು. ಅವರ ತರುವಾಯ 1924ರಲ್ಲಿ ಆ ಪೀಠಕ್ಕೆ ಬಂದವರು ಕೇಂಬ್ರಿಜ್‌ನಲ್ಲಿ ಡಾಕ್ಟರೇಟು ಪಡೆದಿದ್ದ ಕೊಂಕಣ ಸೀಮೆಯ ಜಿ. ಎಸ್. ಘುರ್ಯೆ. ನಮ್ಮ ಕಥಾನಾಯಕರ ಮೊದಲ ಮಾರ್ಗದರ್ಶಕರು ಇವರೇ.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಶ್ರೀನಿವಾಸರು ಹುಟ್ಟಿದ 1916ನೆಯ ಇಸವಿಯ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಒಂದು ಗೋಷ್ಠಿಯಲ್ಲಿ, 25 ವರ್ಷದ ಭೀಮರಾವ್ ಅಂಬೇಡ್ಕರರು ಭಾರತದ ಜಾತಿಗಳ ಹುಟ್ಟು ಮತ್ತು ಹಬ್ಬುಗೆಯ ಮೇಲೆ ಪ್ರಬಂಧ ಓದಿದರು. ಮುಂದೆ ಅವರು ಕೊಲಂಬಿಯದ ಪಿಎಚ್.ಡಿ.ಯನ್ನೂ ಲಂಡನ್ನಿನ ಡಿ.ಎಸ್‌ಸಿ.ಯನ್ನೂ ಪಡೆದರು. ಜಾತಿಯನ್ನು ಕೆಳಗಿನಿಂದ ಅನುಭವಿಸಿದವರ ಬರಹ ಅದು. ಮೇಲಿನ ಜಾತಿಯಲ್ಲಿ ಹುಟ್ಟಿ ಜಾತಿಯನ್ನು ಅಭ್ಯಾಸ ಮಾಡಿದವರ ಬರಹ ಶ್ರೀನಿವಾಸರದು. ಎರಡನ್ನೂ ಜೊತೆಗಿಟ್ಟು ಓದುವುದು ನ್ಯಾಯ.

ಹಿತ್ತಲಿನಾಚೆಯ ಕೇರಿ

ಶ್ರೀನಿವಾಸರು ಹುಟ್ಟಿದ್ದು 1916ರ ನವೆಂಬರ್ 16ರಂದು ಮೈಸೂರಿನಲ್ಲಿ. ಮನೆತನದ ಊರು ಅರಕೆರೆ. ಮಕ್ಕಳಿಗೆ ಒಳ್ಳೆಯ ವಿದ್ಯೆ ಸಿಗಲೆಂದು ತಂದೆಯವರು ಹಳ್ಳಿ ಬಿಟ್ಟು ಮೈಸೂರು ಸೇರಿದ್ದರು. ಮನೆಯಿದ್ದದ್ದು ಬ್ರಾಹ್ಮಣರ ಬೀದಿಯಲ್ಲಿ. ಹಿತ್ತಲು ದಾಟಿದರೆ ಬಂಡಿಕೇರಿ, ಅಲ್ಲಿ ಕುರುಬರ ಮನೆಗಳು. ಊಟ, ಉಡುಗೆ, ಮಾತಿನ ವರಸೆ, ಹಬ್ಬ, ಮದುವೆ ಎಲ್ಲವೂ ಬೇರೆ. ನಾಲ್ಕು ಮಾರು ಆಚೆಗೆ ಇನ್ನೊಂದು ಲೋಕವೇ ಇದ್ದ ಹಾಗೆ. ಆ ಕೇರಿಯನ್ನು ನೋಡುತ್ತ ಬೆಳೆದ ಹುಡುಗನಿಗೆ ಬೆರಗು ಅಲ್ಲಿಯೇ ಮೊದಲಾಯಿತು. ಸಮಾಜಶಾಸ್ತ್ರಜ್ಞರಾದ ಮೇಲೆ ತಮ್ಮ ಬಾಲ್ಯವನ್ನು ನೆನೆದಾಗ ಅವರು ಬಂಡಿಕೇರಿಯನ್ನು ಮರೆಯಲಿಲ್ಲ. ಕಡಲು ದಾಟದೆ, ಹಿತ್ತಲು ದಾಟಿಯೇ ಅನ್ಯರ ಬದುಕನ್ನು ಕಾಣಬಹುದು ಎಂಬುದನ್ನು ಅವರಿಗೆ ಕಲಿಸಿದ ಮೊದಲ ಶಾಲೆ ಅದು.

ಮಹಾರಾಜಾ ಕಾಲೇಜಿನಲ್ಲಿ ಅವರು ಆರಿಸಿಕೊಂಡದ್ದು ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ತರಗತಿ. ಪ್ರೊಫೆಸರ್ ಎ. ಆರ್. ವಾಡಿಯಾ ಅವರು ರೂಪಿಸಿದ ಆ ಪಠ್ಯಕ್ರಮದಲ್ಲಿ ಸಮಾಜಶಾಸ್ತ್ರ, ಮಾನವಶಾಸ್ತ್ರ, ನೀತಿಶಾಸ್ತ್ರ, ರಾಜನೀತಿ ಎಲ್ಲವೂ ಸೇರಿದ್ದವು. ಮಾನವಶಾಸ್ತ್ರ ಕಲಿಸಿದವರು ಬ್ರಹ್ಮಗಿರಿ, ಚಂದ್ರವಳ್ಳಿಗಳ ಉತ್ಖನನದಿಂದ ಹೆಸರಾದ ಡಾ. ಎಂ. ಎಚ್. ಕೃಷ್ಣ. ಮನೆಯಲ್ಲಿ ಅಣ್ಣ ಪಾರ್ಥಸಾರಥಿಯವರ ಕಣ್ಣು ತಮ್ಮನ ಇಂಗ್ಲಿಷಿನ ಮೇಲಿತ್ತು. ಶ್ರೀನಿವಾಸರ ಬರವಣಿಗೆ ಕಡೆಯವರೆಗೂ ಕನ್ನಡಿಯಂತೆ ತಿಳಿಯಾಗಿ ಉಳಿದುದಕ್ಕೆ ಆ ತಿದ್ದುಪಡಿಯೂ ಒಂದು ಕಾರಣವೆನ್ನಬೇಕು.

1936ರಲ್ಲಿ ಬಿ.ಎ. ಆನರ್ಸ್ ಮುಗಿಸಿ ಮುಂಬಯಿಗೆ ಹೋದರು. 1938ರಲ್ಲಿ ಘುರ್ಯೆಯವರ ಕೈಕೆಳಗೆ ಎಂ.ಎ. ಆಯಿತು. ಅದಕ್ಕೆ ಬರೆದ ಪ್ರಬಂಧದ ವಿಷಯ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ. ಅದು 1942ರಲ್ಲಿ ಪುಸ್ತಕವಾಯಿತು. ನಡುವೆ ಕಾನೂನು ಪದವಿಯನ್ನೂ ಮಾಡಿಕೊಂಡರು. ಘುರ್ಯೆಯವರ ಸಹಾಯಕರಾಗಿ ತಮಿಳು ಮತ್ತು ತೆಲುಗು ಸೀಮೆಗಳ ಜನಪದ ಹಾಡುಗಳನ್ನು ಸಂಗ್ರಹಿಸಿ, ಅವುಗಳ ಮೇಲೆ ಲೇಖನ ಬರೆದರು. ಮೈಸೂರಿನ ಹುಡುಗ ತೆಲುಗರ ಬಾಯಿಂದ ಹಾಡು ಬರೆದುಕೊಂಡದ್ದು ಎರಡು ಭಾಷೆಗಳ ನಡುವೆ ಬಾಳುವ ನಮಗೆ ಹಿತವಾದ ಸಂಗತಿ.

ಕೊಡಗಿನ ಮೇಲೆ ಮೊದಲ ಪ್ರಬಂಧ

ಡಾಕ್ಟರೇಟಿಗೆ ಘುರ್ಯೆಯವರು ಸೂಚಿಸಿದ ವಿಷಯ ಕೊಡವರು. ಕೊಡಗೆಂದರೆ ಕಾಸರಗೋಡಿನ ಓದುಗರಿಗೆ ದೂರವಲ್ಲ. ಪಾಣತ್ತೂರಿನ ಘಟ್ಟ ಹತ್ತಿದರೆ ಭಾಗಮಂಡಲದ ದಾರಿ. 1940ರಿಂದ ಶ್ರೀನಿವಾಸರು ಅಲ್ಲಿ ಸುತ್ತಿದರು. ಮೈಯಲ್ಲಿ ಆರೋಗ್ಯ ಸರಿಯಿರಲಿಲ್ಲ. ಆದರೂ ಐನ್‌ಮನೆಗಳ ಜಗಲಿಯಲ್ಲಿ ಕುಳಿತು ಒಕ್ಕದ ಕಟ್ಟು, ಕೈಲ್ ಮುಹೂರ್ತ, ಪುತ್ತರಿ, ಮದುವೆ, ಸಾವು ಎಲ್ಲವನ್ನೂ ವಿವರವಾಗಿ ಬರೆದುಕೊಂಡರು. ಊರ ದೇವರ ಹಬ್ಬದಲ್ಲಿ ದೈವ ಕಟ್ಟಲು ಮಲೆಯಾಳ ಸೀಮೆಯಿಂದ ಬಂದು ನೆಲೆಸಿದ ಬಣ್ಣ, ಪಣಿಕ ಜನ ಹೇಗೆ ಬೇಕಾಗುತ್ತಾರೆ ಎಂಬುದನ್ನೂ ಗಮನಿಸಿದರು. ದೇವರ ಮುಂದೆ ಭಾಷೆಯ ಗಡಿ ಕರಗುವ ಈ ಬಗೆ ನಮಗೆ ನಿತ್ಯದ ನೋಟ. ಅವರಿಗೆ ಅದು ಬರೆದಿಡಬೇಕಾದ ಸಂಗತಿಯಾಗಿ ಕಂಡಿತು.

1944ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯ ಅವರಿಗೆ ಪಿಎಚ್.ಡಿ. ನೀಡಿತು. ಪ್ರಬಂಧ ಎರಡು ಸಂಪುಟಗಳ ಬೃಹತ್ ಗಾತ್ರದ್ದು. ಕೊಡವರ ಬದುಕಿನ ಬಗ್ಗೆ ಸಿಕ್ಕಿದ್ದೆಲ್ಲವೂ ಅದರಲ್ಲಿತ್ತು. ಕಣಜ ತುಂಬಿತ್ತು. ಅನ್ನ ಇನ್ನೂ ಆಗಿರಲಿಲ್ಲ.

ಆಕ್ಸ್‌ಫರ್ಡಿನಲ್ಲಿ ಎರಡನೆಯ ಪ್ರಬಂಧ

1945ರಲ್ಲಿ, ಮಹಾಯುದ್ಧ ಮುಗಿದ ವರ್ಷ, ಅವರು ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಗುರುಗಳಾಗಿ ಸಿಕ್ಕಿದವರು ಎ. ಆರ್. ರ‍್ಯಾಡ್‌ಕ್ಲಿಫ್ ಬ್ರೌನ್. ಒಂದು ಸಮಾಜದ ಆಚಾರಗಳನ್ನು ಪಟ್ಟಿ ಮಾಡಿದರೆ ಶಾಸ್ತ್ರವಾಗದು, ಒಂದು ಆಚಾರ ಆ ಸಮಾಜವನ್ನು ಕಟ್ಟಿ ನಿಲ್ಲಿಸಲು ಯಾವ ಕೆಲಸ ಮಾಡುತ್ತದೆ ಎಂದು ಕೇಳಬೇಕು ಎಂಬುದು ಅವರ ದಾರಿ. ಶಿಷ್ಯ ಹೊಸ ವಿಷಯ ಹುಡುಕಬೇಕಾಗಿರಲಿಲ್ಲ. ಕೊಡಗಿನಿಂದ ತಂದಿದ್ದ ಸಾಮಗ್ರಿಯನ್ನೇ ಮತ್ತೊಮ್ಮೆ ಬಿಚ್ಚಿ, ಧರ್ಮಕ್ಕೂ ಸಮಾಜದ ಕಟ್ಟಡಕ್ಕೂ ಇರುವ ಸಂಬಂಧವೇನು ಎಂಬ ಒಂದೇ ಪ್ರಶ್ನೆ ಹಿಡಿದು ನೋಡುವಂತೆ ಗುರುಗಳು ಸೂಚಿಸಿದರು.

ಓದುಗರು ಇದನ್ನು ಗಮನಿಸಬೇಕು. ಅದೇ ಕೊಡಗು, ಅದೇ ಹಬ್ಬ, ಅದೇ ಮದುವೆ. ಹೊಸದಾಗಿ ಬಂದದ್ದು ಪ್ರಶ್ನೆ ಮಾತ್ರ. ಆ ಪ್ರಶ್ನೆಯ ಬೆಳಕಿನಲ್ಲಿ ಮಡಿ-ಮೈಲಿಗೆ ಕೇವಲ ಆಚಾರವಾಗಿ ಉಳಿಯಲಿಲ್ಲ. ಯಾರು ಯಾರಿಗೆ ಹತ್ತಿರ, ಯಾರು ಯಾರಿಂದ ದೂರ ಎಂಬುದನ್ನು ದಿನದಿನವೂ ಗುರುತು ಹಾಕುವ ಅಳತೆಗೋಲಾಗಿ ಕಂಡಿತು. ಹಬ್ಬದ ಕುಣಿತ ಒಕ್ಕಗಳನ್ನು ಊರಾಗಿ, ಊರುಗಳನ್ನು ನಾಡಾಗಿ ಹೆಣೆಯುವ ದಾರವಾಗಿ ಕಂಡಿತು. ರ‍್ಯಾಡ್‌ಕ್ಲಿಫ್ ಬ್ರೌನ್ ನಿವೃತ್ತರಾದ ಮೇಲೆ ಇವಾನ್ಸ್ ಪ್ರಿಚರ್ಡ್ ಅವರು ಆ ಸ್ಥಾನಕ್ಕೆ ಬಂದರು. 1947ರಲ್ಲಿ ಡಿ.ಫಿಲ್. ಕೈಸೇರಿತು. ದಕ್ಷಿಣ ಭಾರತದ ಕೊಡವರ ಧರ್ಮ ಮತ್ತು ಸಮಾಜದ ಮೇಲಿನ ಆ ಕೃತಿ 1952ರಲ್ಲಿ ಅಚ್ಚಾಗಿ, ಭಾರತದ ಬಗ್ಗೆ ಅಭ್ಯಾಸ ಮಾಡುವವರೆಲ್ಲ ಓದಲೇಬೇಕಾದ ಪುಸ್ತಕವಾಯಿತು.

ಅವರಿಗೆ ಹೆಸರು ತಂದ ಸಂಸ್ಕೃತಾನುಕರಣದ ವಿಚಾರ ಮೊಳೆತದ್ದೂ ಅದರಲ್ಲಿಯೇ. ಜಾತಿಯ ಏಣಿಯಲ್ಲಿ ಕೆಳಗಿನ ಮೆಟ್ಟಿಲಲ್ಲಿ ನಿಂತ ಗುಂಪೊಂದು ಕೈಯಲ್ಲಿ ಸ್ವಲ್ಪ ಹಣ, ಅಧಿಕಾರ ಬಂದ ಕೂಡಲೆ ಮೇಲಿನವರ ಆಚಾರವನ್ನು ಹಿಡಿಯುತ್ತದೆ: ಮಾಂಸ, ಮದ್ಯ ಬಿಡುತ್ತದೆ, ಹೊಸ ದೇವರ ಪೂಜೆ ತರುತ್ತದೆ, ಪುರಾಣದಲ್ಲಿ ತನ್ನ ಮೂಲ ಹುಡುಕುತ್ತದೆ. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಮೇಲಿನ ಮೆಟ್ಟಿಲು ತನ್ನದೆಂದು ಹೇಳತೊಡಗುತ್ತದೆ. ಜಾತಿ ಕಲ್ಲಿನಂತೆ ಅಲುಗದ್ದು ಎಂಬ ನಂಬಿಕೆಯನ್ನು ಈ ಒಂದು ಮಾತು ಅಲುಗಿಸಿತು. ಶಾಸ್ತ್ರಗ್ರಂಥದಲ್ಲಿ ನಾಲ್ಕು ವರ್ಣ, ಹಳ್ಳಿಯಲ್ಲಿ ಹತ್ತಾರು ಜಾತಿ. ಗ್ರಂಥದ ಕಣ್ಣು ಬೇರೆ, ನೆಲದ ಕಣ್ಣು ಬೇರೆ ಎಂಬುದನ್ನು ಅವರು ಜೀವಮಾನವಿಡೀ ಸಾರಿದರು.

ರಾಂಪುರದ ಹನ್ನೊಂದು ತಿಂಗಳು

ಆಕ್ಸ್‌ಫರ್ಡ್ ಅವರನ್ನು ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕರನ್ನಾಗಿ ನೇಮಿಸಿತು. ಮೊದಲ ವರ್ಷವನ್ನು ಹಳ್ಳಿಯಲ್ಲಿ ಕಳೆಯಲು ಅನುಮತಿಯನ್ನೂ ಕೊಟ್ಟಿತು. 1948ರಲ್ಲಿ ಅವರು ಬಂದು ನೆಲೆಸಿದ್ದು ಕಾವೇರಿ ಬಯಲಿನ ಕೊಡಗಹಳ್ಳಿಯಲ್ಲಿ. ಊರವರ ಗೌಪ್ಯ ಕಾಪಾಡಲು ಪುಸ್ತಕಗಳಲ್ಲಿ ರಾಂಪುರ ಎಂದು ಕರೆದರು. ಪಟೇಲರ ದನದ ಕೊಟ್ಟಿಗೆಗೆ ಹೊಂದಿದ ಮನೆಯಲ್ಲಿ ವಾಸ. ಹೊತ್ತುಹೊತ್ತಿಗೆ ಜನ ಬಂದು ಕೂರುವರು. ಗೋಪ್ಯವಾಗಿ ಒಂದು ಕಾಗದ ಓದಲೂ ಎಡೆಯಿಲ್ಲ. ಸ್ನಾನ ಮಾಡಿದ ಮೇಲೆ ಕ್ಷೌರ ಮಾಡಿಕೊಂಡುದಕ್ಕೆ ಊರವರು ಆಕ್ಷೇಪಿಸಿದರು. ಬ್ರಾಹ್ಮಣನಾದವನು ಹೀಗಿರಬೇಕು ಎಂದು ಅವನಿಗೇ ಪಾಠ ಹೇಳಿದರು. ಆಕ್ಸ್‌ಫರ್ಡಿನ ಡಾಕ್ಟರರು ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಪರೀಕ್ಷೆ ಮಾಡಲು ಬಂದವನನ್ನೇ ಹಳ್ಳಿ ಪರೀಕ್ಷೆ ಮಾಡುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಭೂಮಿ, ಸಂಖ್ಯೆ, ಅಧಿಕಾರ ಮೂರೂ ಒಕ್ಕಲಿಗರ ಕೈಯಲ್ಲಿದ್ದ ಆ ಊರಿನಲ್ಲಿ, ವರ್ಣದ ಲೆಕ್ಕದಲ್ಲಿ ಮೇಲಿದ್ದವರೂ ನ್ಯಾಯ ಕೇಳಲು ಒಕ್ಕಲಿಗ ಮುಖಂಡರ ಜಗಲಿಗೇ ಹೋಗಬೇಕಾಗಿತ್ತು. ಇದರಿಂದ ಹೊರಟದ್ದು ಪ್ರಬಲ ಜಾತಿ ಎಂಬ ವಿಚಾರ. ಒಬ್ಬ ಮುಖಂಡನ ಹಿಂದೆ ಒಟ್ಟಾಗಿ ಬೀಳುವ ಮತಗಳಿಗೆ ವೋಟ್ ಬ್ಯಾಂಕ್ ಎಂಬ ಹೆಸರು ಬಂದದ್ದೂ 1955ರ ಸುಮಾರಿನ ಅವರ ಬರಹದಿಂದ. ಇಂದು ಪ್ರತಿ ಚುನಾವಣೆಯಲ್ಲಿ ಚಹಾದ ಅಂಗಡಿಯಿಂದ ಶಾಸನಸಭೆಯವರೆಗೆ ಎಲ್ಲರೂ ಬಳಸುವ ಈ ಮಾತಿನ ಬೇರು ಮೈಸೂರಿನ ಒಂದು ಹಳ್ಳಿಯ ಜಗಲಿಯಲ್ಲಿದೆ ಎಂಬುದು ಹಲವರಿಗೆ ತಿಳಿಯದು.

1951ರಲ್ಲಿ ಆಕ್ಸ್‌ಫರ್ಡಿನ ಕೆಲಸ ಬಿಟ್ಟು ಭಾರತಕ್ಕೆ ಮರಳಿದರು. ಬರೋಡದಲ್ಲಿ ಎಂಟು ವರ್ಷ ಪ್ರಾಧ್ಯಾಪಕರಾಗಿದ್ದು, 1959ರಲ್ಲಿ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್‌ಗೆ ಹೋಗಿ ಅಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ಆ ಸಂಸ್ಥೆಯ ಸ್ಥಾಪಕರು, ಕೇಂಬ್ರಿಜ್‌ನಲ್ಲಿ ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕಹಾಕಿ ಡಾಕ್ಟರೇಟು ಪಡೆದಿದ್ದ ವಿ. ಕೆ. ಆರ್. ವಿ. ರಾವ್. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದವರು ಇವರೇ.

ಬೆಂಕಿ

1970ರಲ್ಲಿ ಶ್ರೀನಿವಾಸರು ಅಮೆರಿಕದ ಸ್ಟ್ಯಾನ್‌ಫರ್ಡಿನ ಒಂದು ಅಧ್ಯಯನ ಕೇಂದ್ರದಲ್ಲಿದ್ದರು. ರಾಂಪುರದ ಮೇಲೆ ದೊಡ್ಡ ಪುಸ್ತಕ ಬರೆಯಬೇಕೆಂದು ಟಿಪ್ಪಣಿಗಳನ್ನೆಲ್ಲ ಜೊತೆಯಲ್ಲಿ ಒಯ್ದಿದ್ದರು. ಹದಿನೆಂಟು ವರ್ಷಗಳಲ್ಲಿ ಕ್ರಮಪಡಿಸಿ ಸಿದ್ಧಗೊಳಿಸಿದ ಟಿಪ್ಪಣಿಗಳು ಅವು. ಮೂರು ಪ್ರತಿಗಳಿದ್ದವು, ಮೂರೂ ಅಲ್ಲಿಯೇ ಇದ್ದವು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಅಮೆರಿಕದ ವಿದ್ಯಾಪೀಠಗಳು ಕುದಿಯುತ್ತಿದ್ದ ಕಾಲ. ಏಪ್ರಿಲ್ 24ರಂದು ಯಾರೋ ಆ ಕಟ್ಟಡಕ್ಕೆ ಬೆಂಕಿಯಿಟ್ಟರು. ಶ್ರೀನಿವಾಸರ ಕೊಠಡಿ ಸುಟ್ಟಿತು. ಮೂರು ಪ್ರತಿಗಳೂ ಬೂದಿಯಾದವು.

ಐವತ್ತಮೂರು ವಯಸ್ಸಿನಲ್ಲಿ ಜೀವಮಾನದ ದುಡಿಮೆ ಒಂದು ರಾತ್ರಿಯಲ್ಲಿ ಹೋಯಿತು. ಕ್ಷೇತ್ರದಲ್ಲಿ ಬರೆದ ಮೂಲ ಡೈರಿಗಳು ದೆಹಲಿಯಲ್ಲಿದ್ದವಾದರೂ, ಅವುಗಳಿಂದ ತೆಗೆದು ವರ್ಷಗಟ್ಟಲೆ ಹೊಂದಿಸಿದ್ದೆಲ್ಲ ನಾಶವಾಗಿತ್ತು. ಆಗ ಅಮೆರಿಕದ ಹಿರಿಯ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಅವರಿಂದ ಒಂದು ಸಲಹೆ ಬಂತು: ಟಿಪ್ಪಣಿ ಹೋದರೆ ಹೋಗಲಿ, ನೆನಪಿನಿಂದ ಬರೆಯಿರಿ. ಶ್ರೀನಿವಾಸರು ಕುಳಿತು ನೆನೆಯತೊಡಗಿದರು. ಪಟೇಲರ ಗತ್ತು, ಬೆಳಗಿನ ಕೊಟ್ಟಿಗೆಯ ವಾಸನೆ, ಗದ್ದೆಯ ನಾಟಿ, ಅಣ್ಣತಮ್ಮಂದಿರ ಪಾಲಿನ ಜಗಳ, ಹೆಂಗಸರ ದುಡಿಮೆ, ಮಳೆ ಬಾರದಾಗ ದೇವರ ಮೇಲೆ ಮುನಿದ ಊರು, ಎಲ್ಲವೂ ಒಂದೊಂದಾಗಿ ಬಂದವು. ಆ ಪುಸ್ತಕ 1976ರಲ್ಲಿ ಹೊರಬಂತು. ನೆನಪಿನಲ್ಲುಳಿದ ಹಳ್ಳಿ ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಅದು ಲೋಕದಲ್ಲೆಲ್ಲ ಹೆಸರಾಯಿತು. ಟಿಪ್ಪಣಿಗಳಿದ್ದಿದ್ದರೆ ಬಹುಶಃ ಪಂಡಿತರಿಗೆ ಮಾತ್ರ ಬೇಕಾದ ಗ್ರಂಥವಾಗುತ್ತಿತ್ತು. ಬೆಂಕಿಯ ತರುವಾಯ ಬಂದದ್ದು ಯಾರೂ ಓದಬಹುದಾದ ಊರಿನ ಕಥೆ.

ಅದೇ ವರ್ಷ ಇಂಗ್ಲೆಂಡಿನ ರಾಯಲ್ ಆಂತ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್ ಅವರಿಗೆ ಹಕ್ಸ್ಲಿ ಪದಕ ನೀಡಿತು. 1977ರಲ್ಲಿ ಭಾರತ ಸರಕಾರ ಪದ್ಮಭೂಷಣ ನೀಡಿತು. 1972ರಲ್ಲಿಯೇ ಅವರು ದೆಹಲಿ ಬಿಟ್ಟು ಬೆಂಗಳೂರಿಗೆ ಬಂದು, ಡಾ. ರಾವ್ ಅವರು ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಲು ಹೆಗಲು ಕೊಟ್ಟಿದ್ದರು. ಮುಂದೆ ಅಲ್ಲಿ ಅನೇಕರು ಡಾಕ್ಟರೇಟು ಪಡೆದರು. 1999ರ ನವೆಂಬರ್ 30ರಂದು, 83ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಕಾಣದೆ ಉಳಿದದ್ದು

ಮನುಷ್ಯರು ದೊಡ್ಡವರೆಂದು ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಪಟೇಲರ ಆಶ್ರಯದಲ್ಲಿದ್ದ ಬ್ರಾಹ್ಮಣರಿಗೆ ಹಳ್ಳಿಯ ಎಲ್ಲ ಬಾಗಿಲುಗಳೂ ಸಮವಾಗಿ ತೆರೆಯಲಿಲ್ಲ. ಊರಿನಾಚೆಯ ಹರಿಜನ ಕೇರಿಯನ್ನು ಅವರು ಒಕ್ಕಲಿಗರ ಜಗಲಿಯನ್ನು ಕಂಡಷ್ಟು ಹತ್ತಿರದಿಂದ ಕಾಣಲಿಲ್ಲ. ಈ ಮಿತಿಯನ್ನು ಅವರೇ ಮರೆಮಾಚದೆ ಬರೆದಿದ್ದಾರೆ. ಸಂಸ್ಕೃತಾನುಕರಣದ ವಿಚಾರವನ್ನೂ ಅನೇಕರು ಪ್ರಶ್ನಿಸಿದರು. ಎಲ್ಲರೂ ಬ್ರಾಹ್ಮಣರನ್ನೇ ಅನುಕರಿಸುತ್ತಾರೆಯೇ, ಅನುಕರಿಸಿದರೂ ಅಸ್ಪೃಶ್ಯರಿಗೆ ಮೆಟ್ಟಿಲು ಸಿಕ್ಕಿತೇ, ಏಣಿಯನ್ನೇ ಒಪ್ಪದವರ ಗತಿಯೇನು ಎಂಬ ಪ್ರಶ್ನೆಗಳು ನ್ಯಾಯವಾದವು. ಅಂಬೇಡ್ಕರರು ಕಂಡ ಊರು ಈ ಊರಲ್ಲ. ಒಂದೇ ಹಳ್ಳಿಯನ್ನು ಎರಡು ಕೇರಿಗಳಿಂದ ಬರೆದರೆ ಎರಡು ಪುಸ್ತಕಗಳಾಗುತ್ತವೆ. ಎರಡನೆಯ ಕೇರಿಯಿಂದ ಬರೆಯುವವರು ಆ ಕೇರಿಯಿಂದಲೇ ಬರಬೇಕು. ಡಾಕ್ಟರೇಟು ಎಲ್ಲರ ಮನೆಗೂ ತಲುಪಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಹಿಂದೂಪುರ, ಕಲ್ಯಾಣದುರ್ಗಗಳ ಮಾತು

ಇನ್ನು ಮೊದಲು ಹೇಳಿದ ಮಾತಿಗೆ ಬರೋಣ. ಅನಂತಪುರ ಜಿಲ್ಲೆ 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟದ್ದು. 1953ರಲ್ಲಿ ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಮೈಸೂರಿಗೆ ಬಂತು, ಅನಂತಪುರ ಅತ್ತ ಉಳಿಯಿತು. ಮೂರು ವರ್ಷಗಳ ತರುವಾಯ, 1956ರ ನವೆಂಬರ್ 1ರಂದು, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಹಿಂದೂಪುರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಇದೆ. ಜಿಲ್ಲೆಯ ಹೆಸರು ಬದಲಾಗಬಹುದು, ನಂಟಸ್ತಿಕೆ ಬದಲಾಗದು. ಹಿಂದೂಪುರದ ಕಡೆಯವರಿಗೆ ಗೌರಿಬಿದನೂರು, ಮಧುಗಿರಿಯ ಕಡೆ ಹೆಣ್ಣು ಕೊಟ್ಟು ತರುವ ಬಳಕೆಯಿದೆ. ಕಲ್ಯಾಣದುರ್ಗದ ಕಡೆಯವರಿಗೆ ಪಾವಗಡ, ಚಳ್ಳಕೆರೆ ಪಕ್ಕದ ಮನೆಯಿದ್ದಂತೆ. ಹಿಂದೂಪುರಕ್ಕೆ ಹತ್ತಿರದ ಲೇಪಾಕ್ಷಿಯ ಗುಡಿಯಲ್ಲಿ ವಿಜಯನಗರ ಕಾಲದ ಕನ್ನಡ ಶಾಸನಗಳು ಇಂದಿಗೂ ಕಲ್ಲಿನಲ್ಲಿ ನಿಂತಿವೆ.

ಶ್ರೀನಿವಾಸರ ಕಣ್ಣಿನಿಂದ ಆ ಸೀಮೆಯನ್ನು ನೋಡಿದರೆ ಎಷ್ಟು ಪ್ರಶ್ನೆಗಳು ಏಳುತ್ತವೆ! ಮೈಸೂರಿನ ಬಂಡಿಕೇರಿಯಲ್ಲಿ ಅವರು ಕಂಡ ಕುರುಬರು ಕಲ್ಯಾಣದುರ್ಗದ ಹಳ್ಳಿಗಳಲ್ಲಿಯೂ ಇದ್ದಾರೆ. ಮನೆದೇವರನ್ನು ಅವರು ಯಾವ ಭಾಷೆಯಲ್ಲಿ ಕರೆಯುತ್ತಾರೆ? ಸೊಸೆ ಗಡಿಯಾಚೆಯಿಂದ ಬಂದರೆ ಮಕ್ಕಳ ಮಾತು ಯಾವುದಾಗುತ್ತದೆ? ರಾಂಪುರದಲ್ಲಿ ಕಾವೇರಿಯ ನೀರಿತ್ತು, ಭೂಮಿ ಇದ್ದವನೇ ಪ್ರಬಲ. ದೇಶದ ಅತಿ ಕಡಮೆ ಮಳೆಯ ಸೀಮೆಗಳಲ್ಲಿ ಒಂದಾದ ಅನಂತಪುರದಲ್ಲಿ ಭೂಮಿ ಇದ್ದೂ ಬೆಳೆಯಿಲ್ಲದಾಗ ಪ್ರಬಲನಾಗುವವನು ಯಾರು: ಕೊಳವೆಬಾವಿ ಇದ್ದವನೋ, ಬೆಂಗಳೂರಿಗೆ ಕೂಲಿಗೆ ಹೋಗಿ ಹಣ ತಂದವನೋ? ಪೆನುಕೊಂಡದ ಬಳಿ 2019ರಲ್ಲಿ ಕಾರು ತಯಾರಿಸುವ ಕಿಯಾ ಕಾರ್ಖಾನೆ ಕೆಲಸ ಆರಂಭಿಸಿತಲ್ಲ, ಅದರ ಸಂಬಳ ಮನೆಯೊಳಗೆ ಹೆಣ್ಣುಮಕ್ಕಳ ಮಾತಿಗೆ ತೂಕ ತಂದಿತೇ? ಇವು ಒಂದೊಂದೂ ಒಂದೊಂದು ಡಾಕ್ಟರೇಟಿಗೆ ಸಾಕಾಗುವ ಪ್ರಶ್ನೆಗಳು. ನಮ್ಮಲ್ಲಿಯೂ ಅಷ್ಟೇ. ತುಳು, ಮಲೆಯಾಳ, ಕೊಂಕಣಿ, ಮರಾಠಿ, ಕನ್ನಡ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುವ ಜಿಲ್ಲೆ ನಮ್ಮದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲೆಯಾಳ ಆಡುವ ಮಗುವಿನ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ಆ ಮಗುವಿಗಿಂತ ಚೆನ್ನಾಗಿ ಬಲ್ಲವರ್ಯಾರು?

ದಾರಿಯೂ ಹಿಂದಿನಷ್ಟು ದೂರವಿಲ್ಲ. ಶ್ರೀನಿವಾಸರು ಮುಂಬಯಿಗೆ ಹೋಗಬೇಕಾಯಿತು. ಇಂದು ಅನಂತಪುರದಲ್ಲಿಯೇ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯವಿದೆ, ನಮ್ಮ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದಲ್ಲಿ ಮಹಾಪ್ರಬಂಧವನ್ನು ಕನ್ನಡದಲ್ಲಿಯೇ ಬರೆಯಬಹುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ತೇರ್ಗಡೆಯಾಗಿ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ಬಡ ಮನೆಯ ಮಗ, ಮಗಳು ಈ ದಾರಿ ಹಿಡಿಯುವುದು ಅಸಾಧ್ಯವೇನಲ್ಲ.

ಕೆಲಸ ಮಾತ್ರ ಬೇಗ ಆಗಬೇಕು. ಗಡಿನಾಡಿನ ಕನ್ನಡ ಮನೆಗಳ ಬಗ್ಗೆ ಹತ್ತು ವರ್ಷಕ್ಕೊಮ್ಮೆ ಜನಗಣತಿಯವರು ಒಂದು ಅಂಕೆ ಬರೆದುಕೊಂಡು ಹೋಗುತ್ತಾರೆ. ಆ ಅಂಕೆಯ ಹಿಂದಿನ ಬದುಕನ್ನು ಬರೆದಿಡುವುದು ಆ ಮನೆಗಳಲ್ಲಿ ಹುಟ್ಟಿದವರ ಪಾಲಿನ ಕೆಲಸ. ಹಬ್ಬ ನಡೆಸಿದ, ಪಾಲು ಹಂಚಿದ, ಪಂಚಾಯಿತಿ ಕೂರಿಸಿದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಶ್ರೀನಿವಾಸರ ಟಿಪ್ಪಣಿಗಳು ಬೆಂಕಿಗೆ ಹೋದರೂ ಹಳ್ಳಿ ಉಳಿದುಕೊಂಡಿತು, ಏಕೆಂದರೆ ಅವರು ಅದನ್ನು ಕಂಡು, ಕೇಳಿ, ಬರೆದು ಮನಸ್ಸಿನಲ್ಲಿಟ್ಟಿದ್ದರು. ಅವರಿಗೆ ಸುಟ್ಟುಹೋಗಲು ಟಿಪ್ಪಣಿಗಳಾದರೂ ಇದ್ದವು. ನಮ್ಮ ಊರುಗಳ ಟಿಪ್ಪಣಿ ಇನ್ನೂ ಬರೆಯಬೇಕಾಗಿದೆ.